ಬೆಳ್ಳಿಯ ಹಿಂಬದಿಯ ಹೆಸರು

ಇಂಗ್ಲೆಂಡಿನಲ್ಲಿ ಬೆಳ್ಳಿ ಪಾತ್ರೆಯ ಶುದ್ಧತೆಯನ್ನು ಒರೆಗೆ ಹಚ್ಚಿ ಮುದ್ರೆ ಒತ್ತಲು ಅಧಿಕೃತ ಕಚೇರಿಗಳಿದ್ದವು. ಅಟ್ಲಾಂಟಿಕ್‌ನ ಆಚೆ ದಡದ ಅಕ್ಕಸಾಲಿಗರಿಗೆ ಆ ಆಸರೆ ಇರಲಿಲ್ಲ. ಬಾಲ್ಟಿಮೋರ್ ನಗರ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕೆಲವು ವರ್ಷ ಅಂಥ ಏರ್ಪಾಡು ಮಾಡಿತ್ತು, ಅಷ್ಟೆ. ಗಿರಾಕಿ ತಂದುಕೊಟ್ಟ ಬೆಳ್ಳಿ ನಾಣ್ಯಗಳನ್ನು ಕರಗಿಸಿ, ಬಡಿದು, ಸೌಟಿನ ಹಿಂಬದಿಗೋ ಬೋಗುಣಿಯ ತಳಕ್ಕೋ ಅಕ್ಕಸಾಲಿಗ ತನ್ನ ಹೆಸರನ್ನೇ ಒತ್ತುತ್ತಿದ್ದ. ಬೆಳ್ಳಿ ಅಪ್ಪಟ ಎನ್ನುವುದಕ್ಕೆ ಆ ಹೆಸರೇ ಜಾಮೀನು. ಹಳೆಯ ಅಮೆರಿಕನ್ ಬೆಳ್ಳಿಯ ಮೇಲೆ ನನಗಿರುವ ಗೌರವದ ಮೂಲ ಇದು.

ಬಾಸ್ಟನ್ನಿನ ಪಾಲ್ ರಿವಿಯರ್ 1768ರಲ್ಲಿ ಪಂಚ್ ಪಾನೀಯ ಬಡಿಸಲೆಂದು ಒಂದು ಬೋಗುಣಿ ಮಾಡಿದ. ಬ್ರಿಟಿಷ್ ತೆರಿಗೆಯನ್ನು ವಿರೋಧಿಸಿ ಬರೆದ ಸುತ್ತೋಲೆಯನ್ನು ವಾಪಸು ಪಡೆಯಲೊಪ್ಪದ ಮ್ಯಾಸಚೂಸೆಟ್ಸ್ ಸಭೆಯ 92 ಸದಸ್ಯರ ಗೌರವಕ್ಕೆ ಅದನ್ನು 15 ಮಂದಿ ಸೇರಿ ಮಾಡಿಸಿದ್ದರು. ಅಂಚಿನ ಸುತ್ತ ಆ ಹದಿನೈದೂ ಜನರ ಹೆಸರುಗಳಿವೆ. ತೂಕ 45 ಔನ್ಸ್, ಹಿಡಿಯುವುದು 45 ಗಿಲ್. ಲಂಡನ್ನಿನಲ್ಲಿ ದೊರೆಯ ಸರ್ಕಾರವನ್ನು ಟೀಕಿಸಿ ಸೆರೆಯಾದ ಜಾನ್ ವಿಲ್ಕ್ಸ್‌ನ ಪತ್ರಿಕೆಯ 45ನೇ ಸಂಚಿಕೆಗೆ ಸಲ್ಲಿಸಿದ ನಮನ ಅದು. ದೊರೆಯ ಸಿಟ್ಟಿಗೆ ಗುರಿಯಾಗಬಹುದಾದ ಮಾತಿನ ಜೊತೆಗೆ, ಅಳಿಸಲಾಗದಂತೆ ಹೆಸರು ಕೆತ್ತಿಸುವುದಕ್ಕೆ ಎಂಥ ಎದೆಗಾರಿಕೆ ಬೇಕು! 1949ರಲ್ಲಿ ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂ ಅದನ್ನು ಕೊಳ್ಳುವಾಗ ಶಾಲಾಮಕ್ಕಳೂ ಹಣ ಕೂಡಿಸಿ ಕೊಟ್ಟರು.

1859ರಲ್ಲಿ ನೆವಾಡದ ಕಾಮ್‌ಸ್ಟಾಕ್ ಗಣಿ ಪತ್ತೆಯಾದ ಮೇಲೆ ಬೆಳ್ಳಿ ಹೊಳೆಯಾಗಿ ಹರಿಯಿತು. ಗಣಿ ಮಾಲೀಕ ಜಾನ್ ಮೆಕೆಗಾಗಿ ಟಿಫಾನಿ ಕಂಪನಿ 1878ರಲ್ಲಿ ಮುಗಿಸಿಕೊಟ್ಟ ಊಟದ ಸಾಮಗ್ರಿಯಲ್ಲಿ ಸುಮಾರು 1,250 ಬಿಡಿ ವಸ್ತುಗಳಿದ್ದವು. ಶತಾವರಿ ಚಿಗುರಿಗೆ ಬೇರೆ ಇಕ್ಕಳ, ಆಲೂಗಡ್ಡೆ ಚಿಪ್ಸಿಗೆ ಬೇರೆ ಸೌಟು ಎಂದು ಸಿರಿವಂತರ ಮೇಜು ತುಂಬಿದ ಕಾಲವದು. ಆ ದುಂದು ನನಗೆ ಹಿಡಿಸುವುದಿಲ್ಲ. ಆದರೆ ಟೊಮೆಟೊ ಬಿಲ್ಲೆ ಬಡಿಸುವ ಚಪ್ಪಟೆ ಸೌಟನ್ನು ಹತ್ತಿರದಿಂದ ನೋಡಿ: ರಸ ಸೋರಿಹೋಗಲು ಬೇಕಾದ ತೂತುಗಳನ್ನೇ ಹೂಬಳ್ಳಿಯಾಗಿ ಕೊರೆದಿರುತ್ತಾರೆ. ಕೊರೆದವನ ಹೆಸರು ಮಾತ್ರ ಅಲ್ಲಿಲ್ಲ. ಪ್ರಾವಿಡೆನ್ಸಿನ ಗೋರಮ್ ಕಾರ್ಖಾನೆಯದಾದರೆ ಸಿಂಹ, ಲಂಗರು, ಒಂದು ಅಕ್ಷರ, ಇಷ್ಟೇ ಗುರುತು.

1980ರ ಜನವರಿಯಲ್ಲಿ ಬೆಳ್ಳಿಯ ಬೆಲೆ ಔನ್ಸಿಗೆ 50 ಡಾಲರ್ ಹತ್ತಿರಕ್ಕೆ ಜಿಗಿದಾಗ ಇಂಥ ಎಷ್ಟೋ ಪಾತ್ರೆಗಳು ತೂಕದ ಲೆಕ್ಕದಲ್ಲಿ ಕುಲುಮೆ ಸೇರಿದವು. ಕಷ್ಟಕ್ಕೆಂದು ಮಾರಿದವರನ್ನು ದೂರಲಾರೆ. ತಕ್ಕಡಿಗೆ ಹಾಕುವ ಮುನ್ನ ಭೂತಗನ್ನಡಿ ಹಿಡಿದು ಹಿಂಬದಿಯ ಅಕ್ಷರ ಓದುವವರು ಆಗ ಇನ್ನಷ್ಟು ಮಂದಿ ಇರಬೇಕಿತ್ತು.