ಕಾರಿನ ಮಿದುಳನ್ನು ತಿದ್ದಿದರೆ ಮೈಲೇಜು ಹೆಚ್ಚೀತೆ?

"ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ" ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಇಂದು ತರುಣರ ನಡುವೆ ಇಂಥದೇ ಒಂದು ಬಿಟ್ಟಿ ಲಾಭದ ಮಾತು ಹಬ್ಬಿದೆ. ಟರ್ಬೊ ಇರುವ ಕಾರನ್ನು 'ರೀಮ್ಯಾಪ್' ಮಾಡಿಸಿದರೆ ಓಟವೂ ಹೆಚ್ಚುತ್ತದೆ, ಎಣ್ಣೆಯೂ ಉಳಿಯುತ್ತದೆ ಎಂಬುದೇ ಆ ಮಾತು. ಇಂಜಿನಿನ ಒಂದು ತಿರುಪನ್ನೂ ಸಡಿಲಿಸಬೇಕಿಲ್ಲವಂತೆ. ಸ್ಟಿಯರಿಂಗಿನ ಕೆಳಗಿನ ಪ್ಲಗ್ಗಿಗೆ ಲ್ಯಾಪ್‌ಟಾಪು ಸಿಕ್ಕಿಸಿ ಒಂದೆರಡು ಗಂಟೆ ಕಾದರೆ ಕೆಲಸ ಮುಗಿಯಿತಂತೆ. ಸಾಲ ಮಾಡಿ ಕಾರು ಕೊಂಡ ತಂದೆಯನ್ನು ಮಗ ಕಾಡುವುದು, "ಮೈಲೇಜು ಬರುವುದಾದರೆ ಆಗಲಿ" ಎಂದು ತಂದೆ ಒಪ್ಪುವುದು, ಹೀಗೆ ಇಪ್ಪತ್ತು ಮೂವತ್ತು ಸಾವಿರ ರೂಪಾಯಿ ಕೈಬಿಡುವುದು ನಡೆಯುತ್ತಿದೆ. ಆದುದರಿಂದ ಈ ವಿಷಯವನ್ನು ವಿದ್ಯಾರ್ಥಿಗಳೂ ಹೆತ್ತವರೂ ಒಟ್ಟಿಗೆ ಕುಳಿತು ವಿಚಾರ ಮಾಡುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಮೊದಲು ಟರ್ಬೊ ಎಂದರೇನೆಂದು ನೋಡೋಣ. ಇಂಜಿನಿನಿಂದ ಹೊರಬೀಳುವ ಬಿಸಿ ಹೊಗೆಯಲ್ಲಿ ಬಹಳಷ್ಟು ಶಕ್ತಿ ವ್ಯರ್ಥವಾಗಿ ಹೋಗುತ್ತದೆ. ಆ ಹೊಗೆಯಿಂದ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದೇ ದಂಡಕ್ಕೆ ಕೂಡಿಸಿದ ಇನ್ನೊಂದು ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಇಂಜಿನಿನೊಳಗೆ ತುಂಬುವುದೇ ಟರ್ಬೊದ ಕೆಲಸ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಎಂಬವರು ೧೯೦೫ರಲ್ಲಿ ಇದಕ್ಕೆ ಪೇಟೆಂಟು ಪಡೆದರು. ಇಂದಿನ ಕಾರುಗಳಲ್ಲಿ ಈ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಹೆಚ್ಚು ಗಾಳಿ ಸೇರಿದರೆ ಹೆಚ್ಚು ಎಣ್ಣೆಯನ್ನು ಉರಿಸಬಹುದು. ಹೆಚ್ಚು ಎಣ್ಣೆ ಉರಿದರೆ ಹೆಚ್ಚು ಶಕ್ತಿ. ಸಣ್ಣ ಇಂಜಿನು ದೊಡ್ಡ ಇಂಜಿನಿನ ಕೆಲಸ ಮಾಡುವುದು ಹೀಗೆ.

ಇನ್ನು 'ಮ್ಯಾಪ್' ಎಂದರೆ ಭೂಗೋಳದ ತರಗತಿಯ ನಕಾಶೆಯಲ್ಲ; ಅದು ಮಗ್ಗಿಯಂಥ ಒಂದು ಕೋಷ್ಟಕ. ಹಿಂದೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಕಾಲದಲ್ಲಿ ಮೆಕ್ಯಾನಿಕ್ಕನು ಕಾರ್ಬುರೇಟರಿನ ತಿರುಪನ್ನು ತಿರುಗಿಸಿ, ಇಂಜಿನಿನ ಸದ್ದನ್ನು ಕಿವಿಗೊಟ್ಟು ಕೇಳಿ, ಪೆಟ್ರೋಲಿನ ಪ್ರಮಾಣವನ್ನು ಸರಿಪಡಿಸುತ್ತಿದ್ದನು. ಇಂದು ಆ ಕೆಲಸವನ್ನು ಇ.ಸಿ.ಯು. ಎಂಬ ಪುಟ್ಟ ಗಣಕವು ಮಾಡುತ್ತದೆ. ಇಂಜಿನು ಎಷ್ಟು ವೇಗವಾಗಿ ತಿರುಗುತ್ತಿದೆ, ಅದರ ಮೇಲೆ ಎಷ್ಟು ಭಾರ ಬಿದ್ದಿದೆ ಎಂದು ನೋಡಿ, ಕೋಷ್ಟಕದ ತಕ್ಕ ಮನೆಯಲ್ಲಿ ಬರೆದಿರುವ ಅಂಕಿಯಂತೆ ಎಷ್ಟು ಎಣ್ಣೆ ಚಿಮ್ಮಿಸಬೇಕು, ಯಾವ ಕ್ಷಣದಲ್ಲಿ ಕಿಡಿ ಹಾರಿಸಬೇಕು, ಟರ್ಬೊ ಎಷ್ಟು ಒತ್ತಡ ಕೊಡಬೇಕು ಎಂಬುದನ್ನು ಅದು ಆಜ್ಞಾಪಿಸುತ್ತದೆ. ಈ ಅಂಕಿಗಳನ್ನು ಅಳಿಸಿ ಬೇರೆ ಅಂಕಿ ಬರೆಯುವುದೇ ರೀಮ್ಯಾಪಿಂಗ್.

ಓಟ ಹೆಚ್ಚುತ್ತದೆ ಎಂಬ ಮಾತು ಸುಳ್ಳಲ್ಲ. ಟರ್ಬೊ ಇಲ್ಲದ ಕಾರಿನಲ್ಲಿ ಅಂಕಿ ತಿದ್ದಿದರೆ ಸಿಗುವುದು ಅತ್ಯಲ್ಪ. ಟರ್ಬೊ ಇದ್ದರೆ ಗಾಳಿಯ ಒತ್ತಡವನ್ನೇ ಏರಿಸಬಹುದಾದ್ದರಿಂದ ಶಕ್ತಿ ನೂರಕ್ಕೆ ಇಪ್ಪತ್ತು, ಕೆಲವೊಮ್ಮೆ ಮೂವತ್ತರಷ್ಟು ಹೆಚ್ಚುವುದುಂಟು. ಪಾಣತ್ತೂರು ದಾರಿಯಾಗಿ ಮಡಿಕೇರಿ ಕಡೆಗೆ ಘಟ್ಟ ಹತ್ತುವಾಗ ಅದರ ವ್ಯತ್ಯಾಸ ಯಾರಿಗಾದರೂ ತಿಳಿದೀತು. ನಾವು ಕೇಳುವ ಪ್ರಶ್ನೆ ಬೇರೆ. ಇಷ್ಟು ಶಕ್ತಿ ಅಂಕಿ ತಿದ್ದಿದ ಮಾತ್ರಕ್ಕೆ ಸಿಗುವುದಾದರೆ ಕಾರು ಮಾಡಿದ ಕಂಪನಿಯವರು ಅದನ್ನೇಕೆ ಬಿಟ್ಟರು? ಅವರಿಗೆ ಅಷ್ಟು ಬುದ್ಧಿ ಇರಲಿಲ್ಲವೆ?

ಅವರು ಬಿಟ್ಟದ್ದಲ್ಲ, ಉಳಿಸಿದ್ದು. ಒಂದೇ ಇಂಜಿನು ರಾಜಸ್ಥಾನದ ಬೇಗೆಯಲ್ಲೂ ಲಡಾಖಿನ ತೆಳುಗಾಳಿಯಲ್ಲೂ ಓಡಬೇಕು. ಒಬ್ಬ ಒಡೆಯ ಕಾಲಕಾಲಕ್ಕೆ ಆಯಿಲ್ ಬದಲಿಸುತ್ತಾನೆ, ಇನ್ನೊಬ್ಬ ಮರೆತೇಬಿಡುತ್ತಾನೆ. ಒಂದು ಬಂಕಿನ ಎಣ್ಣೆ ಚೆನ್ನಾಗಿರುತ್ತದೆ, ಇನ್ನೊಂದರದು ಅಷ್ಟಕ್ಕಷ್ಟೆ. ಇವೆಲ್ಲವನ್ನೂ ತಾಳಿಕೊಂಡು ಲಕ್ಷಗಟ್ಟಲೆ ಕಿಲೋಮೀಟರು ಬಾಳಲೆಂದು ಇಟ್ಟ ಅಂತರವದು. ರೈತನು ಬಿತ್ತನೆಗೆಂದು ತೆಗೆದಿಟ್ಟ ಭತ್ತದಂತೆ. ಅದನ್ನು ಕುಟ್ಟಿ ಉಂಡರೆ ಇಂದಿನ ಹೊಟ್ಟೆ ತುಂಬುತ್ತದೆ ನಿಜ.

ಇದಕ್ಕೆ ನಮ್ಮ ರಸ್ತೆಗಳಲ್ಲೇ ಓಡಾಡಿದ ಒಂದು ಉದಾಹರಣೆಯಿದೆ. ಫಿಯೆಟ್ ಕಂಪನಿ ರೂಪಿಸಿದ ೧೨೪೮ ಸಿ.ಸಿ.ಯ ಡೀಸೆಲ್ ಇಂಜಿನನ್ನು ಮಾರುತಿ ಕಂಪನಿಯವರು ೨೦೦೭ರಿಂದ ಸ್ವಿಫ್ಟ್ ಕಾರಿನಲ್ಲಿ ೭೫ ಅಶ್ವಶಕ್ತಿಗೆ ಕೊಟ್ಟರು. ಅದೇ ಇಂಜಿನು ಮುಂದೆ ಎರ್ಟಿಗಾ ಕಾರಿನಲ್ಲಿ ೯೦ ಅಶ್ವಶಕ್ತಿಗೆ ಬಂತು. ಆದರೆ ಕಂಪನಿಯವರು ಬರಿಯ ಅಂಕಿ ತಿದ್ದಿ ಸುಮ್ಮನಾಗಲಿಲ್ಲ. ಟರ್ಬೊವನ್ನೇ ಬದಲಿಸಿ, ವೇಗಕ್ಕೆ ತಕ್ಕಂತೆ ರೆಕ್ಕೆಗಳನ್ನು ಹೊಂದಿಸಿಕೊಳ್ಳುವ ಬೇರೆ ಬಗೆಯ ಟರ್ಬೊ ಕೂಡಿಸಿದರು. ರೀಮ್ಯಾಪ್ ಮಾಡುವವನಾದರೋ ಹಳೆಯ ಸಣ್ಣ ಟರ್ಬೊದಿಂದಲೇ ಆ ಕೆಲಸ ಮಾಡಿಸುತ್ತಾನೆ. ಹೆಚ್ಚಿದ ಬಿಸಿಯನ್ನು ಪಿಸ್ಟನ್ನೂ ಟರ್ಬೊವೂ, ಹೆಚ್ಚಿದ ಎಳೆತವನ್ನು ಕ್ಲಚ್ಚೂ ಗಿಯರುಪೆಟ್ಟಿಗೆಯೂ ಹೊರಬೇಕು. ಅವು ಬಾಯಿಬಿಟ್ಟು ಹೇಳುವುದಿಲ್ಲ. ಒಂದು ದಿನ ನಡುದಾರಿಯಲ್ಲಿ ನಿಲ್ಲುತ್ತವೆ.

ಈಗ ಮೈಲೇಜಿನ ಮಾತಿಗೆ ಬರೋಣ. ಇಲ್ಲಿ ಎಂಟನೆಯ ತರಗತಿಯ ಭೌತಶಾಸ್ತ್ರ ಸಾಕು. ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗೆ ೮೦ ಕಿ.ಮೀ. ವೇಗದಲ್ಲಿ ಹೋಗುವ ಒಂದು ಸಾಧಾರಣ ಸಣ್ಣ ಕಾರಿಗೆ ಗಾಳಿಯನ್ನು ಸೀಳಲು, ಚಕ್ರ ಉರುಳಲು ಬೇಕಾಗುವುದು ಸುಮಾರು ಹತ್ತೇ ಅಶ್ವಶಕ್ತಿ. ೧೦೦ ಕಿ.ಮೀ. ವೇಗಕ್ಕೆ ಅಂದಾಜು ಹದಿನಾರು, ೧೨೦ಕ್ಕೆ ಇಪ್ಪತ್ತೈದು. ಇಂಜಿನಿನ ಗರಿಷ್ಠ ಶಕ್ತಿ ನೂರು ಇರಲಿ, ನೂರಮೂವತ್ತು ಇರಲಿ, ರಸ್ತೆ ಕೇಳುವುದು ಅಷ್ಟೇ. ದೊಡ್ಡ ಕೊಡಪಾನ ಕೊಂಡರೆ ಮನೆಯವರ ಬಾಯಾರಿಕೆ ಬದಲಾಗುವುದೆ? ಅದಲ್ಲದೆ ಒಂದು ಗ್ರಾಂ ಶುದ್ಧ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು ೧೪.೭ ಗ್ರಾಂ ಗಾಳಿ ಬೇಕು. ಕಾರು ನೆಮ್ಮದಿಯಾಗಿ ಓಡುವಾಗ ಹೊಗೆಕೊಳವೆಯ ಆಮ್ಲಜನಕ ಸೆನ್ಸರನ್ನು ನೋಡಿಕೊಂಡು ಗಣಕವು ಈ ಲೆಕ್ಕವನ್ನು ಮೊದಲೇ ಬಿಗಿಯಾಗಿ ಪಾಲಿಸುತ್ತಿರುತ್ತದೆ. ಅಲ್ಲಿ ಉಳಿಸಲು ಹೆಚ್ಚೇನೂ ಉಳಿದಿಲ್ಲ. ಪೆಡಲನ್ನು ಪೂರ್ತಿ ಒತ್ತಿದಾಗಲಾದರೋ ರೀಮ್ಯಾಪಾದ ಕಾರು ಮೊದಲಿಗಿಂತ ಹೆಚ್ಚೇ ಕುಡಿಯುತ್ತದೆ. ಹೊಸ ಶಕ್ತಿ ಕೈಗೆ ಬಂದ ಮೇಲೆ ಪೆಡಲು ಒತ್ತದೆ ಇರುವ ತರುಣರು ಎಷ್ಟು ಮಂದಿ?

ಹಾಗಾದರೆ "ನನಗೆ ಮೈಲೇಜು ಬಂತು" ಎನ್ನುವವರೆಲ್ಲ ಸುಳ್ಳುಗಾರರೆ? ಅಲ್ಲ. ಕಡಿಮೆ ವೇಗದಲ್ಲೇ ಎಳೆತ ಹೆಚ್ಚಿದ್ದರಿಂದ ಬೇಗ ಮೇಲಿನ ಗಿಯರಿಗೆ ಹೋಗುವವನಿಗೆ ಸ್ವಲ್ಪ ಉಳಿದೀತು. ದುಡ್ಡು ಕೊಟ್ಟ ಮೇಲೆ ಲಾಭ ನೋಡುವ ಆಸೆಯಿಂದ ಕೆಲವು ದಿನ ಮೆಲ್ಲಗೆ ಓಡಿಸುವವರೂ ಇದ್ದಾರೆ. ಇನ್ನು, ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಮೈಲೇಜು ಅಳೆದದ್ದಲ್ಲ. ಎಣ್ಣೆ ಇಷ್ಟು ಚಿಮ್ಮಿರಬೇಕೆಂದು ಗಣಕ ಹಾಕಿದ ಲೆಕ್ಕ. ಆ ಗಣಕದ ಅಂಕಿಯನ್ನೇ ತಿದ್ದಿದ ಮೇಲೆ ಅದರ ಸಾಕ್ಷ್ಯವನ್ನು ನಂಬುವುದೆಂತು?

ಡೀಸೆಲ್ ಕಾರಿನಲ್ಲಿ ಮಾತ್ರ ನಿಜವಾಗಿಯೂ ಸ್ವಲ್ಪ ಎಣ್ಣೆ ಉಳಿಸುವ ದಾರಿಯಿದೆ. ಎಣ್ಣೆಯನ್ನು ತುಸು ಮೊದಲೇ ಚಿಮ್ಮಿಸಿದರೆ, ಹೊಗೆಯ ಒಂದು ಪಾಲನ್ನು ಮರಳಿ ಇಂಜಿನಿಗೆ ಕಳುಹಿಸುವ ವ್ಯವಸ್ಥೆಯನ್ನು ಮುಚ್ಚಿದರೆ, ಉರಿ ಬಿಸಿಯಾಗಿ ಹೆಚ್ಚು ಕೆಲಸ ದೊರೆಯುತ್ತದೆ. ಆದರೆ ಆ ಬಿಸಿಯಲ್ಲಿ ಗಾಳಿಯ ಸಾರಜನಕವೇ ಆಮ್ಲಜನಕದೊಡನೆ ಕೂಡಿ ನೈಟ್ರೋಜನ್ ಆಕ್ಸೈಡುಗಳಾಗುತ್ತವೆ. ಇವು ಶ್ವಾಸಕೋಶಕ್ಕೆ ವಿಷ; ಆಸ್ತಮಾ ಇರುವ ಮಕ್ಕಳಿಗಂತೂ ಬಲು ಕಷ್ಟ. ಅಂದರೆ ಉಳಿತಾಯ ಕಾರಿನವನದು, ಕೆಮ್ಮು ರಸ್ತೆಬದಿಯಲ್ಲಿ ನಡೆದು ಶಾಲೆಗೆ ಬರುವ ಮಗುವಿನದು.

ಇದು ಬರಿಯ ಊಹೆಯಲ್ಲ. ೨೦೧೩ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕ ವಿದ್ಯಾರ್ಥಿಗಳು ಡೀಸೆಲ್ ಕಾರುಗಳಲ್ಲಿ ಹೊಗೆ ಅಳೆಯುವ ಉಪಕರಣಗಳನ್ನಿಟ್ಟು ರಸ್ತೆಯ ಮೇಲೆ ಓಡಿಸಿ ನೋಡಿದರು. ಅವರಲ್ಲಿ ಹೇಮಂತ್ ಕಪ್ಪಣ್ಣ, ಅರವಿಂದ್ ತಿರುವೆಂಗಡಂ ಎಂಬ ಇಬ್ಬರು ಭಾರತೀಯರಿದ್ದರು. ಪ್ರಯೋಗಶಾಲೆಯಲ್ಲಿ ಶುದ್ಧವಾಗಿದ್ದ ಫೋಕ್ಸ್‌ವ್ಯಾಗನ್ ಕಾರುಗಳು ರಸ್ತೆಯಲ್ಲಿ ಮಿತಿಯ ಎಷ್ಟೋ ಪಟ್ಟು ನೈಟ್ರೋಜನ್ ಆಕ್ಸೈಡು ಉಗುಳುತ್ತಿದ್ದವು. ೨೦೧೫ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಇಲಾಖೆ ಸತ್ಯವನ್ನು ಬಯಲಿಗೆಳೆಯಿತು. ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿ ಆಗ ಮಾತ್ರ ಸಂಭಾವಿತನಂತೆ ನಡೆದುಕೊಳ್ಳುವ ಅಂಕಿಗಳನ್ನು ಕಂಪನಿಯೇ ಗಣಕದಲ್ಲಿ ಬರೆದಿತ್ತು! ಮೇಲ್ವಿಚಾರಕರು ಬಂದಾಗ ಮಾತ್ರ ಪುಸ್ತಕ ತೆರೆಯುವ ಹುಡುಗನಂತೆ. ಜಗತ್ತಿನಾದ್ಯಂತ ಒಂದು ಕೋಟಿ ಹತ್ತು ಲಕ್ಷದಷ್ಟು ಕಾರುಗಳು ಇದಕ್ಕೆ ಸಿಲುಕಿದವು. ಭಾರತದಲ್ಲಿಯೂ ೨೦೧೫ರ ಡಿಸೆಂಬರಿನಲ್ಲಿ ೩,೨೦,೦೦೦ಕ್ಕೂ ಹೆಚ್ಚು ಕಾರುಗಳನ್ನು ಸರಿಪಡಿಸಲೆಂದು ವಾಪಸು ಕರೆಯುವುದಾಗಿ ಕಂಪನಿ ಪ್ರಕಟಿಸಿತು. ಕೋಟಿಗಟ್ಟಲೆ ಬಂಡವಾಳದ ಕಂಪನಿಯೇ ಶಕ್ತಿ, ಮೈಲೇಜು, ಶುದ್ಧ ಗಾಳಿ ಈ ಮೂರನ್ನೂ ಅಗ್ಗದಲ್ಲಿ ಕೂಡಿಸಲಾಗದೆ ಮೋಸಕ್ಕೆ ಇಳಿಯಿತೆಂದ ಮೇಲೆ, ಎರಡು ಗಂಟೆಯ ಕೆಲಸದಲ್ಲಿ ಮೂರೂ ಸಿಗುತ್ತದೆಂಬ ಮಾತನ್ನು ನಾವು ನಂಬಬಹುದೆ?

"ನಮ್ಮ ಕಾರಿಗೆ ಹೊಗೆ ಪರೀಕ್ಷೆಯ ಸರ್ಟಿಫಿಕೇಟು ಸಿಕ್ಕಿದೆ" ಎಂದು ಕೆಲವರು ವಾದಿಸಿಯಾರು. ಡೀಸೆಲ್ ಕಾರಿಗೆ ಅಲ್ಲಿ ನೋಡುವುದು ಹೊಗೆಯ ಕಪ್ಪನ್ನು ಮಾತ್ರ. ನೈಟ್ರೋಜನ್ ಆಕ್ಸೈಡನ್ನು ಅಲ್ಲಿ ಅಳೆಯುವುದಿಲ್ಲ. ಎಂಡೋಸಲ್ಫಾನಿನ ನೋವನ್ನು ಕಣ್ಣಾರೆ ಕಂಡ ಈ ಜಿಲ್ಲೆಯವರಿಗೆ, ಒಬ್ಬರ ಲಾಭ ಇನ್ನೊಬ್ಬರ ಉಸಿರಿಗೆ ಸೇರುವುದೆಂದರೇನೆಂದು ವಿವರಿಸಬೇಕಿಲ್ಲ. ಎರಡೂ ಸಮಾನವೆಂದು ನಮ್ಮ ಮಾತಲ್ಲ. ಪಾಠ ಮಾತ್ರ ಒಂದೇ.

ಹೆತ್ತವರಿಗಾಗಿ ಒಂದು ಮನೆಲೆಕ್ಕ. ಕಾರು ತಿಂಗಳಿಗೆ ೧೦೦೦ ಕಿ.ಮೀ. ಓಡುತ್ತದೆ, ಲೀಟರಿಗೆ ೧೬ ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳೋಣ. ರೀಮ್ಯಾಪಿನಿಂದ ಮೈಲೇಜು ನೂರಕ್ಕೆ ಐದರಷ್ಟು ಹೆಚ್ಚಿತೆಂದೇ ಒಪ್ಪೋಣ. ಆಗ ತಿಂಗಳಿಗೆ ಉಳಿಯುವುದು ಮೂರು ಲೀಟರು. ಲೀಟರಿಗೆ ನೂರು ರೂಪಾಯಿಯಂತೆ ಮುನ್ನೂರು ರೂಪಾಯಿ. ಕೊಟ್ಟ ೨೫,೦೦೦ ರೂಪಾಯಿ ಮರಳಿ ಬರಲು ಸುಮಾರು ಏಳು ವರ್ಷ ಬೇಕು! ಅಷ್ಟರೊಳಗೆ ಒಂದು ಟರ್ಬೊ ಕೆಟ್ಟರೆ ಲೆಕ್ಕವೆಲ್ಲ ಮಣ್ಣುಪಾಲು. ವಾರಂಟಿ ಕೇಳಹೋದರೆ ಕಂಪನಿಯವರು ಮೊದಲು ನೋಡುವುದೇ ಗಣಕವನ್ನು ತಿದ್ದಲಾಗಿದೆಯೇ ಎಂದು.

ಕಾನೂನನ್ನೂ ಮರೆಯುವಂತಿಲ್ಲ. ಕಂಪನಿ ನಿಗದಿಪಡಿಸಿದ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆಂದು ನಮ್ಮ ಕೇರಳದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೨೦೧೯ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಒಡೆಯನಿಗೆ ೫,೦೦೦ ರೂಪಾಯಿ ದಂಡ ಇಲ್ಲವೆ ಆರು ತಿಂಗಳವರೆಗಿನ ಸಜೆ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಹಾಗೆಂದು ಈ ವಿದ್ಯೆಯನ್ನೇ ನಾವು ಹಳಿಯುವುದಿಲ್ಲ. ಪಂದ್ಯದ ಕಾರುಗಳಿಗೆ ಇದು ಬೇಕು. ಕಂಪನಿಯವರೇ ದೋಷ ತಿದ್ದಲು ಹೊಸ ಅಂಕಿ ಬರೆಯುವುದುಂಟು. ಯಂತ್ರದ ಮಿದುಳನ್ನು ಓದಬಲ್ಲವನಿಗೆ ಇಂದು ದೊಡ್ಡ ಕಾರ್ಖಾನೆಗಳಲ್ಲಿ ಕೆಲಸವಿದೆ. ನಮ್ಮ ವಿದ್ಯಾರ್ಥಿಗಳು ಅದನ್ನು ಕಲಿಯಲಿ ಎಂದೇ ನಮ್ಮ ಹಾರೈಕೆ. ನಮ್ಮ ಆಕ್ಷೇಪಣೆ ವಿದ್ಯೆಯ ಮೇಲಲ್ಲ, "ಏನನ್ನೂ ಕೊಡದೆ ಎಲ್ಲವೂ ಸಿಗುತ್ತದೆ" ಎಂಬ ಮಾತಿನ ಮೇಲೆ. ಶಕ್ತಿಯನ್ನು ಸೃಷ್ಟಿಸಲಾಗದೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರು, ಅದನ್ನೇ ಬಾಳಿನಲ್ಲಿ ಮರೆತರೆ ಆ ಅಂಕಕ್ಕೆ ಬೆಲೆಯೇನು?

ಎಣ್ಣೆ ಉಳಿಸುವ ಆಸೆಯಿದ್ದರೆ ದಾರಿಗಳಿವೆ. ಟಯರಿನ ಗಾಳಿಯನ್ನು ತಿಂಗಳಿಗೆರಡು ಬಾರಿ ನೋಡಿಸಿ. ಏರ್ ಫಿಲ್ಟರನ್ನು ಕಾಲಕ್ಕೆ ಸರಿಯಾಗಿ ಬದಲಿಸಿ. ಡಿಕ್ಕಿಯಲ್ಲಿ ಬೇಡದ ಭಾರ ಹೊರಬೇಡಿ. ನೂರಿಪ್ಪತ್ತರಲ್ಲಿ ಹೋಗುವವರು ಎಂಬತ್ತಕ್ಕೆ ಇಳಿದರೆ ಯಾವ ರೀಮ್ಯಾಪೂ ಕೊಡದಷ್ಟು ಉಳಿಯುತ್ತದೆ. ವಿದ್ಯಾರ್ಥಿ ಮಿತ್ರರೇ, ನಿಮಗೊಂದು ಕೆಲಸ. ಮನೆಯಲ್ಲಿ ಕಾರಿದ್ದರೆ ಟಾಂಕಿ ಪೂರ್ತಿ ತುಂಬಿಸಿದ ದಿನ ಮೀಟರಿನ ಅಂಕಿ ಬರೆದಿಡಿ. ಮತ್ತೆ ಅದೇ ಬಂಕಿನಲ್ಲಿ ಪೂರ್ತಿ ತುಂಬಿಸಿದಾಗ ಓಡಿದ ಕಿಲೋಮೀಟರನ್ನು ಹಾಕಿದ ಲೀಟರಿನಿಂದ ಭಾಗಿಸಿ. ಹೀಗೆ ಐದಾರು ಬಾರಿ ಬರೆದ ಒಂದು ಹಾಳೆ ಕೈಯಲ್ಲಿದ್ದರೆ, ಯಾರೇ ಬಂದು ಏನೇ ಹೇಳಲಿ, "ಎಷ್ಟಕ್ಕೆ ಎಷ್ಟು ಹೆಚ್ಚಿತು, ಹೇಗೆ ಅಳೆದಿರಿ?" ಎಂದು ಕೇಳುವ ಧೈರ್ಯ ನಿಮಗಿರುತ್ತದೆ. ವಿಜ್ಞಾನ ಆರಂಭವಾಗುವುದು ಆ ಪ್ರಶ್ನೆಯಿಂದಲೇ.