ಉಳಿತಾಯದ ಹೆಸರಲ್ಲಿ ಕಣ್ಣಿಗೆ ಮಣ್ಣು!

ಸುಬ್ರಹ್ಮಣ್ಯಪುರ ರಸ್ತೆಯಲ್ಲಿ ರಾತ್ರಿ ಎದುರು ಬರುವ ಕಾರಿನವನಿಗೆ ಕೇಳಿ, 'ಎಲ್‌ಇಡಿ ಹಾಕಿಸಿದೆ, ಕರೆಂಟು ಉಳಿತಾಯ' ಅಂತಾನೆ. ಏನು ಉಳಿತಾಯ ಸ್ವಾಮಿ? ಎಚ್4 ಹ್ಯಾಲೊಜೆನ್ ಡಿಮ್‌ನಲ್ಲಿ 55 ವಾಟ್, ಎರಡಕ್ಕೆ 110. ಅರ್ಧ ಉಳಿಸಿದರೂ ಮನೆಯ ಹಳೇ 60 ವಾಟ್ ಬುರುಡೆ ಬಲ್ಬಿಗೆ ಸಾಲದು!

ಹ್ಯಾಲೊಜೆನ್ ತಂತಿ ಇರುವ ಜಾಗಕ್ಕೆ ಲೆಕ್ಕ ಹಾಕಿ ದೀಪದ ಕನ್ನಡಿ ಬಾಗಿಸಿರುತ್ತಾರೆ. ಅದರೊಳಗೆ ಎಲ್‌ಇಡಿ ತುರುಕಿದರೆ ಬೆಳಕು ರಸ್ತೆ ಬಿಟ್ಟು ಎದುರಿನವನ ಮುಖಕ್ಕೆ ಚೆಲ್ಲುತ್ತದೆ. ಡಬ್ಬಿ ಮೇಲಿನ ಅಂಕಿ ತೋರಿಸಬೇಡಿ. ಅಚ್ಚುಕೂಟದವನು ನಾನು, ಡಬ್ಬಿ ಮೇಲೆ ಏನು ಬೇಕಾದರೂ ಅಚ್ಚಾಗುತ್ತದೆ!

2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ಕೇಸು ಹಾಕಲು ಹೊರಟರು. ಪೊಲೀಸರೇ ಬರಬೇಕೇ ಗೆಳೆಯರೇ? ಸೈಕಲ್ಲಿನವನು ಗುಂಡಿ ಕಾಣದೆ ಬಿದ್ದರೆ ಆಸ್ಪತ್ರೆ ಬಿಲ್ಲು ಯಾವ ಉಳಿತಾಯದಲ್ಲಿ ಕಟ್ಟುತ್ತೀರಿ? ಕಾರಿನ ಕಂಪನಿ ಹೇಳಿದ ವಾಟಿನ ಬಲ್ಬನ್ನೇ ಹಾಕಿಸಿ, ದೀಪದ ಮಟ್ಟ ತಗ್ಗಿಸಿ.