ಹೆಡ್ ಗ್ಯಾಸ್ಕೆಟ್ಟಿನಲ್ಲಿ ಉಳಿತಾಯ ಬೇಡ

ನಮ್ಮ ಸದಸ್ಯರಲ್ಲಿ ಅನೇಕರ ಘಟಕಗಳಲ್ಲಿ ಹದಿನೈದು-ಇಪ್ಪತ್ತು ವರ್ಷ ದುಡಿದ ಡೀಸೆಲ್ ಜನರೇಟರ್‌ಗಳು ಇಂದಿಗೂ ಇವೆ. ಹೊಸದನ್ನು ಕೊಳ್ಳುವುದಕ್ಕಿಂತ ಹಳೆಯ ಎಂಜಿನ್ನನ್ನು ಬಿಚ್ಚಿಸಿ ಪುನಃ ಕಟ್ಟಿಸುವುದೇ ಲಾಭಕರವೆಂಬ ಅವರ ಲೆಕ್ಕಾಚಾರ ತಪ್ಪಲ್ಲ. ಆದರೆ ಆ ಲೆಕ್ಕವನ್ನು ಒಂದು ತೆಳು ಹಾಳೆ, ಅಂದರೆ ಹೆಡ್ ಗ್ಯಾಸ್ಕೆಟ್, ತಲೆಕೆಳಗು ಮಾಡಬಲ್ಲದು.

ಬ್ಲಾಕ್ ಹಾಗೂ ಸಿಲಿಂಡರ್ ಹೆಡ್‌ಗಳ ನಡುವೆ ಕುಳಿತು ಉರಿಯುವ ಅನಿಲ, ಎಣ್ಣೆ ಮತ್ತು ನೀರು ಒಂದಕ್ಕೊಂದು ಸೇರದಂತೆ ತಡೆಯುವುದು ಅದರ ಕೆಲಸ. ಒಮ್ಮೆ ಅದುಮಿದ ಗ್ಯಾಸ್ಕೆಟ್ ಮತ್ತೆ ಮೊದಲಿನಂತಾಗದು. ಹೆಡ್ ಬಿಚ್ಚಿದಾಗ ಹೊಸದನ್ನೇ ಹಾಕತಕ್ಕದ್ದು. ಇಷ್ಟನ್ನು ಎಲ್ಲರೂ ಬಲ್ಲರು. ಹೊಸದನ್ನು ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಿತೆಂಬ ನಂಬಿಕೆಗೆ ಮಾತ್ರ ನನ್ನ ಆಕ್ಷೇಪವಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಘಟಕದ ಎಂಜಿನ್ನಿಗೆ ಹೀಗೆಯೇ ಹೊಸ ಗ್ಯಾಸ್ಕೆಟ್ ಹಾಕಿಸಿದೆವು. ಮೂರು ವಾರದೊಳಗೆ ರೇಡಿಯೇಟರ್ ನೀರಿನಲ್ಲಿ ಗುಳ್ಳೆಗಳೆದ್ದವು. ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿತು. ಮತ್ತೆ ಬಿಚ್ಚಿ, ಹೆಡ್ಡಿನ ಮೇಲೆ ನೇರಪಟ್ಟಿಯಿಟ್ಟು ಫೀಲರ್ ಗೇಜ್ ತೂರಿಸಿ ನೋಡಿದರೆ 0.15 ಮಿ.ಮೀ. ಬಾಗು! ತಯಾರಕರು ಒಪ್ಪುವ ಮಿತಿ ಸಾಮಾನ್ಯವಾಗಿ 0.05ರಿಂದ 0.1 ಮಿ.ಮೀ. ಮಾತ್ರ. ಮೂಲ ಕಾರಣವಾದ, ಕಸ ಕಟ್ಟಿಕೊಂಡ ರೇಡಿಯೇಟರನ್ನು ಯಾರೂ ನೋಡಿರಲಿಲ್ಲ. ಹೆಡ್ ಮಟ್ಟ ಮಾಡಿಸದೆ ಉಳಿಸಿದ ಹಣಕ್ಕಿಂತ ಉತ್ಪಾದನೆ ನಿಂತುದರ ನಷ್ಟ ಎಷ್ಟೋ ಪಾಲು ಹೆಚ್ಚಾಯಿತು. ಮೆಕ್ಯಾನಿಕ್ಕನ್ನು ದೂರಲಾರೆ, ನಾಳೆಯೇ ಆಗಬೇಕು, ಅಗ್ಗದಲ್ಲಿ ಆಗಬೇಕು ಎಂದು ಅವಸರಪಡಿಸಿದವನು ನಾನೇ.

ಬ್ಲಾಕನ್ನು ಗ್ರೈಂಡ್ ಮಾಡಿಸಿದರೆ ಪಿಸ್ಟನ್ ಅಷ್ಟು ಮೇಲಕ್ಕೆ ಬರುತ್ತದೆ. ಅದಕ್ಕೆಂದೇ ಹಲವು ಡೀಸೆಲ್ ಎಂಜಿನ್‌ಗಳಿಗೆ ಬೇರೆ ಬೇರೆ ದಪ್ಪದ ಗ್ಯಾಸ್ಕೆಟ್‌ಗಳಿವೆ. ಬಹುಪದರ ಉಕ್ಕಿನ ಗ್ಯಾಸ್ಕೆಟ್ ಉತ್ತಮವೆಂದು ಒರಟು ಮೇಲ್ಮೈಯ ಹಳೆಯ ಎರಕದ ಹೆಡ್ಡಿಗೆ ಹಾಕಿದರೆ ಸೋರುವ ಸಂಭವವೇ ಹೆಚ್ಚು. ಬೋಲ್ಟುಗಳನ್ನು ಟಾರ್ಕ್ ರೆಂಚ್‌ನಿಂದ, ತಯಾರಕರು ಹೇಳಿದ ಕ್ರಮದಲ್ಲಿ, ಹಂತಹಂತವಾಗಿ ಬಿಗಿಯಬೇಕು. ತಳ ಮುಚ್ಚಿದ ಬೋಲ್ಟ್ ರಂಧ್ರದಲ್ಲಿ ಎಣ್ಣೆ ನಿಂತಿದ್ದರೆ ಬಿಗಿ ಸುಳ್ಳಾಗುತ್ತದೆ. ಬ್ಲಾಕ್ ಸೀಳುವುದೂ ಉಂಟು.

ಬಿಡಿಭಾಗದ ವರ್ತಕ ಮಿತ್ರರಲ್ಲೂ ಒಂದು ವಿನಂತಿ. ದಪ್ಪವನ್ನಾಗಲಿ ಎಂಜಿನ್ ಮಾದರಿಯನ್ನಾಗಲಿ ನಮೂದಿಸದ ಬಿಡಿ ಗ್ಯಾಸ್ಕೆಟ್‌ಗಳನ್ನು ಮಾರುವುದು ನಿಲ್ಲಬೇಕು. ನಾನಂತೂ ಈಗ ಹೆಡ್ಡಿನ ಬಾಗು, ಪಿಸ್ಟನ್ನಿನ ಎತ್ತರ, ಗ್ಯಾಸ್ಕೆಟ್ಟಿನ ದಪ್ಪ ಈ ಮೂರನ್ನು ಬರೆದ ಚೀಟಿ ಬಿಲ್ಲಿನೊಡನೆ ಬಂದ ಮೇಲೆಯೇ ಗ್ಯಾರೇಜಿಗೆ ಹಣ ಪಾವತಿಸುತ್ತೇನೆ.